ಇಂಗ್ಲೆಂಡಲ್ಲಿ ಮೊದಲನೇ ಮನೆ ತಗೊಳ್ತಿದೀವಿ, ಸಾಲಿಸಿಟರ್ (ಮನೆ ಪೇಪರ್ ಕೆಲಸ ನೋಡೋ ಲಾಯರ್) ಹೇಗೆ ಆರಿಸ್ಕೊಂಡ್ರಿ? ಅನುಭವ ಇರೋರು ಹೇಳಿ

ಪ್ರಶ್ನೆ, ರೀಡಿಂಗ್‌ನಿಂದ

ಎಲ್ರಿಗೂ ನಮಸ್ಕಾರ. ಆರು ವರ್ಷದಿಂದ ರೀಡಿಂಗಲ್ಲಿ ಬಾಡಿಗೆ ಮನೇಲಿದೀವಿ, ಕೊನೆಗೂ ಮೊನ್ನೆ ಮೂರು ಬೆಡ್‌ರೂಮಿನ ಒಂದು ಸೆಮಿ ಡಿಟ್ಯಾಚ್ಡ್ ಮನೆಗೆ ನಮ್ಮ ಆಫರ್ ಒಪ್ಕೊಂಡ್ರು, 3 ಲಕ್ಷದ 80 ಸಾವಿರ ಪೌಂಡ್. ಈಗ ಎಸ್ಟೇಟ್ ಏಜೆಂಟ್ ದಿನಾ ಫೋನ್ ಮಾಡಿ ನಮ್ಮ ಸಾಲಿಸಿಟರನ್ನೇ ತಗೊಳ್ಳಿ ಬೇಗ ಆಗತ್ತೆ ಅಂತ ಒಂದೇ ಸಮ ಹೇಳ್ತಿದಾರೆ. ಆನ್‌ಲೈನಲ್ಲಿ ಒಂದು ಕಂಪನಿ 650 ಪೌಂಡಿಗೆ ಮಾಡ್ಕೊಡ್ತೀವಿ ಅಂತಾರೆ, ಪೇಟೇಲಿರೋ ಒಂದು ಹಳೇ ಆಫೀಸ್‌ನವರು 1,250 ಪ್ಲಸ್ ವ್ಯಾಟ್ ಅಂತಾರೆ. ಇಷ್ಟೊಂದು ವ್ಯತ್ಯಾಸ ಯಾಕೆ ಅಂತ ಗೊತ್ತಾಗ್ತಿಲ್ಲ. ಡೆಪಾಸಿಟ್‌ಗೆ ಸ್ವಲ್ಪ ದುಡ್ಡು ಊರಿಂದ ಬರ್ಬೇಕು, ಅಪ್ಪ ಮೈಸೂರಲ್ಲಿ ಒಂದು ಸೈಟ್ ಮಾರಿದಾರೆ. ಊರಲ್ಲಾದ್ರೆ ಗೊತ್ತಿರೋ ಲಾಯರ್ ಹತ್ರ ಇಸಿ, ಮದರ್ ಡೀಡ್ ಅಂತ ಆಸ್ತಿ ಪೇಪರ್ ಎಲ್ಲ ತೋರಿಸಿ ಕೇಳ್ತಿದ್ವಿ, ಇಲ್ಲಿ ಗೊತ್ತಿರೋರು ಅಂತ ಯಾರೂ ಇಲ್ಲ. ನೀವೆಲ್ಲ ಯಾರನ್ನ ಹಿಡಿದ್ರಿ, ಏನು ನೋಡಿ ಹಿಡಿದ್ರಿ, ದಯವಿಟ್ಟು ಹೇಳಿ.

ಉತ್ತರ, ವೋಕಿಂಗ್‌ಹ್ಯಾಮ್‌ನಿಂದ

ಮೊದಲು ಕಂಗ್ರಾಟ್ಸ್. ನಾವು ಇದರಲ್ಲಿ ಒಂದ್ಸಲ ಪೆಟ್ಟು ತಿಂದಿದೀವಿ ಅದಕ್ಕೇ ಸ್ವಲ್ಪ ಉದ್ದ ಬರೀತೀನಿ, ಪೂರ್ತಿ ಓದಿ.

ಏಜೆಂಟ್ ಹೇಳಿದವರನ್ನೇ ತಗೋಬೇಕು ಅಂತ ಯಾವ ಕಾನೂನೂ ಇಲ್ಲ. ಬಹಳಷ್ಟು ಸಲ ಅವರಿಗೆ ಅಲ್ಲಿಂದ ರೆಫರಲ್ ಫೀ ಬರತ್ತೆ, ಎಷ್ಟು ಅಂತ ಕೇಳೋ ಹಕ್ಕು ನಿಮಗಿದೆ, ಸಾಲಿಸಿಟರ್ ಅದನ್ನ ನಿಮಗೆ ಹೇಳಲೇಬೇಕು. 2025ರ ಬೇಸಿಗೇಲಿ ನಾವು ಏಜೆಂಟ್ ಹೇಳಿದವರನ್ನೇ ತಗೊಂಡ್ವಿ, ಮನೆ 3 ಲಕ್ಷದ 60 ಸಾವಿರದ್ದು. ಶುರುವಲ್ಲಿ ಒಂದು ಆನ್‌ಲೈನ್ ಫಾರ್ಮ್ ಬಂತು, ಫಸ್ಟ್ ಟೈಮ್ ಬಯರ್ (ಮೊದಲನೇ ಸಲ ಮನೆ ತಗೊಳ್ಳೋರು, ಅವರಿಗೆ ಸ್ಟ್ಯಾಂಪ್ ಡ್ಯೂಟಿ ಕಡಿಮೆ) ಅಂತ ಒಂದು ಬಾಕ್ಸ್ ಇತ್ತು, ಈ ದೇಶದಲ್ಲಿ ಮೊದಲನೇ ಮನೆ ತಾನೆ ಅಂತ ಟಿಕ್ ಹಾಕಿದ್ವಿ. ಆಮೇಲೆ ಎಲ್ಲಾನೂ ಪೋರ್ಟಲಲ್ಲೇ. ಮೂರು ತಿಂಗಳಲ್ಲಿ ನಮ್ಮ ಫೈಲ್ ಮೂರು ಜನರ ಕೈ ಬದಲಾಯ್ತು, ಪ್ರತಿ ಸಲ ಹೊಸಬ್ರು ಬಂದು ಅದೇ ಪಾಸ್‌ಪೋರ್ಟ್ ಅದೇ ಬ್ಯಾಂಕ್ ಸ್ಟೇಟ್‌ಮೆಂಟ್ ಮತ್ತೆ ಕೇಳೋರು. ಎಕ್ಸ್‌ಚೇಂಜ್‌ಗೆ (ಎರಡೂ ಕಡೆಯವರು ಕರಾರಿಗೆ ಕಟ್ಟು ಬೀಳೋ ಹಂತ) ಒಂದು ವಾರ ಇದೆ ಅನ್ನೋವಾಗ ಮೂರನೆಯವರು ಸ್ಟೇಟ್‌ಮೆಂಟಲ್ಲಿ ಬೆಂಗಳೂರಿಂದ ಬಾಡಿಗೆ ಬರ್ತಿರೋದು ನೋಡಿ ಇದೇನು ಅಂತ ಕೇಳಿದ್ರು. ಜೆಪಿ ನಗರದಲ್ಲಿ ನನ್ನ ಮತ್ತೆ ಅಪ್ಪನ ಹೆಸರಲ್ಲಿ ಒಂದು ಫ್ಲಾಟ್ ಇದೆ ಅಂದೆ. ಅಷ್ಟೇ, ಎಲ್ಲಾ ಲೆಕ್ಕ ತಲೆಕೆಳಗಾಯ್ತು. ಸ್ಟ್ಯಾಂಪ್ ಡ್ಯೂಟಿಗೆ ಪ್ರಪಂಚದಲ್ಲಿ ಎಲ್ಲೇ ಮನೆ ಇದ್ರೂ ಲೆಕ್ಕಕ್ಕೆ ಬರತ್ತೆ, ನಿಮ್ಮ ಪಾಲು 40 ಸಾವಿರ ಪೌಂಡ್ ಅಥವಾ ಅದಕ್ಕಿಂತ ಜಾಸ್ತಿ ಬೆಲೆ ಬಾಳಿದ್ರೆ ಎರಡನೇ ಮನೆ ಅಂತ ನೋಡ್ತಾರೆ. 2024ರ ಅಕ್ಟೋಬರ್ 31ರಿಂದ ಆ ಹೆಚ್ಚುವರಿ ರೇಟ್ 5% ಆಗಿದೆ. ಡ್ಯೂಟಿಗೆ 3 ಸಾವಿರ ಅಂತ ಎತ್ತಿಟ್ಟಿದ್ವಿ, 26 ಸಾವಿರ ಕಟ್ಬೇಕು ಅಂದ್ರು. ಅಷ್ಟು ದುಡ್ಡು ಒಂದು ವಾರದಲ್ಲಿ ಎಲ್ಲಿಂದ ತರೋದು, ಮನೆ ಕೈಬಿಟ್ವಿ. ಸರ್ಚ್‌ಗೆ (ಜಾಗದ ದಾಖಲೆ ಹುಡುಕಿಸೋದು) ಕೊಟ್ಟಿದ್ದು ಸರ್ವೇಗೆ (ಮನೆ ಪರೀಕ್ಷೆ ಮಾಡಿಸೋದು) ಕೊಟ್ಟಿದ್ದು ಎಲ್ಲ ಹೋಯ್ತು. ಮಗಳು ಆ ಮನೇಲಿ ತನ್ನ ರೂಮ್ ಯಾವುದು ಅಂತ ಆಗ್ಲೇ ಆರಿಸ್ಕೊಂಡಿದ್ಲು.

ಎರಡನೇ ಸಲ ಇಲ್ಲೇ ಪೇಟೇಲಿರೋ ಒಬ್ಬ ಸಾಲಿಸಿಟರ್‌ಗೆ ಫೋನ್ ಮಾಡ್ದೆ. ನಾನು ರೇಟ್ ಕೇಳೋ ಮುಂಚೆ ಆಯಮ್ಮನೇ ಕೇಳೋಕೆ ಶುರು ಮಾಡಿದ್ರು, ಬೇರೆ ಯಾವ್ದಾದ್ರೂ ದೇಶದಲ್ಲಿ ಮನೆ ಇದ್ಯಾ, ಪಾಲಿದ್ಯಾ, ಡೆಪಾಸಿಟ್ ದುಡ್ಡು ಯಾರದು, ಲೋನ್ ಯಾವ ಬ್ಯಾಂಕಿಂದು, ಮುಂದಿನ ಮೂರು ತಿಂಗಳಲ್ಲಿ ಊರಿಗೆ ಹೋಗೋದಿದ್ಯಾ ಅಂತ. ಹತ್ತು ನಿಮಿಷದ ಫೋನ್ ಅದು. ಆ ಹತ್ತು ನಿಮಿಷ ಮೊದಲನೇ ಸಲಾನೇ ಯಾರಾದ್ರೂ ಕೊಟ್ಟಿದ್ರೆ ನಮಗೆ ಆ ಗತಿ ಬರ್ತಿರ್ಲಿಲ್ಲ. ಅದಕ್ಕೇ ನಾನು ಹೇಳೋದು, ಅವರು ಎಷ್ಟು ಕೇಳ್ತಾರೆ ಅಂತ ನೋಡ್ಬೇಡಿ, ಏನು ಕೇಳ್ತಾರೆ ಅಂತ ನೋಡಿ. ಡ್ಯೂಟಿ ಎಷ್ಟು ಅಂತ ಮೊದಲೇ ಗೊತ್ತಿದ್ರಿಂದ 3 ಲಕ್ಷದ 10 ಸಾವಿರದ ಚಿಕ್ಕ ಮನೆ ನೋಡಿದ್ವಿ, 21 ಸಾವಿರ ಡ್ಯೂಟಿ ಕಟ್ಟಿದ್ವಿ, ಈಗ ಅದೇ ಮನೇಲಿದೀವಿ.

ಲೋಕಲ್ ಆಗಿದ್ರೆ ಏನು ಲಾಭ ಅಂತ ಒಂದು ಹೇಳ್ತೀನಿ. ಆಯಮ್ಮ ಟೈಟಲ್ ಪ್ಲಾನ್ (ಮನೆ ಜಾಗದ ಎಲ್ಲೆ ತೋರಿಸೋ ನಕ್ಷೆ) ಪ್ರಿಂಟ್ ತೆಗೆದು ಟೇಬಲ್ ಮೇಲೆ ಹರಡಿ, ಮನೆ ಸುತ್ತ ಇರೋ ಕೆಂಪು ಗೆರೆ ಮೇಲೆ ಪೆನ್ಸಿಲ್ ಇಟ್ಕೊಂಡು, ನೀವು ಮನೆ ನೋಡೋಕೆ ಹೋದಾಗ ಕಾರ್ ಎಲ್ಲಿ ನಿಲ್ಸಿದ್ರಿ ತೋರಿಸಿ ಅಂದ್ರು. ತೋರಿಸಿದ್ರೆ ಆ ಜಾಗ ಗೆರೆಯಿಂದ ಆಚೆ ಇತ್ತು! ಆ ರಸ್ತೇಲಿ ಇನ್ನೂ ಎರಡು ಮನೆಗೆ ಇದೇ ತೊಂದ್ರೆ ಇತ್ತು ಅಂತ ಅವರಿಗೆ ಗೊತ್ತಿತ್ತು, ಅದಕ್ಕೇ ಕೇಳಿದ್ದು. ಮಾರೋರ ಹತ್ರ ಅದನ್ನ ಸರಿ ಮಾಡಿಸಿದ್ಮೇಲೇ ಎಕ್ಸ್‌ಚೇಂಜ್ ಮಾಡಿದ್ದು. ನಿಮ್ಮ ರೀಡಿಂಗಲ್ಲೂ ಕೋಲಿ ಕಡೆ ನೆಲದ ಕೆಳಗೆ ಹಳೇ ಚಾಕ್ ಗಣಿ ಇದೆ, 2000ದಲ್ಲಿ ಅಲ್ಲಿ ನೆಲ ಕುಸಿದಿತ್ತು, ಇಂಥದ್ದು ಆ ಊರಲ್ಲಿ ಕೆಲಸ ಮಾಡೋರಿಗೆ ತಟ್ಟಂತ ನೆನಪಾಗತ್ತೆ. ಆನ್‌ಲೈನ್ ಕಂಪನೀಲೂ ಚೆನ್ನಾಗಿ ಮಾಡೋರು ಇದಾರೆ, ಇಲ್ಲ ಅನ್ನಲ್ಲ, ಆದ್ರೆ ನನ್ನ ಫೈಲ್ ಯಾರು ನೋಡ್ತಾರೆ, ಅವರ ಹೆಸರೇನು, ಡೈರೆಕ್ಟ್ ನಂಬರ್ ಏನು, ಅವರು ರಜಾ ಹೋದ್ರೆ ಯಾರು ನೋಡ್ತಾರೆ, ಇಷ್ಟು ಕೇಳದೆ ಸೈನ್ ಹಾಕ್ಬೇಡಿ.

650ಕ್ಕೂ 1,250ಕ್ಕೂ ಹೋಲಿಸೋ ಮುಂಚೆ ಎರಡೂ ಕೋಟ್ ಪೂರ್ತಿ ತರಿಸ್ಕೊಳ್ಳಿ. ಲೀಸ್‌ಹೋಲ್ಡ್‌ಗೆ (ನೆಲ ಬೇರೆಯವರದ್ದಾಗಿರೋ ಮನೆ) ಬೇರೆ, ಗಿಫ್ಟ್ ದುಡ್ಡಿಗೆ ಬೇರೆ, ಐಡಿ ಚೆಕ್‌ಗೆ ಬೇರೆ, ಬ್ಯಾಂಕ್ ಟ್ರಾನ್ಸ್‌ಫರ್‌ಗೆ ಬೇರೆ ಅಂತ ಕೆಳಗಡೆ ಸೇರಿಸ್ತಾ ಹೋಗಿರ್ತಾರೆ, ನಮ್ಮ ಅಗ್ಗದ ಕೋಟ್ ಕೊನೇಲಿ 1,100 ದಾಟಿತ್ತು. ಅವರು ನಿಮ್ಮ ಲೋನ್ ಕೊಡೋ ಬ್ಯಾಂಕಿನ ಪ್ಯಾನೆಲಲ್ಲಿ (ಬ್ಯಾಂಕ್ ಒಪ್ಕೊಂಡಿರೋ ಸಾಲಿಸಿಟರ್‌ಗಳ ಪಟ್ಟಿ) ಇದಾರಾ ಅಂತಾನೂ ಇವತ್ತೇ ಕೇಳಿ, ಇಲ್ದಿದ್ರೆ ಬ್ಯಾಂಕ್ ಬೇರೆ ಸಾಲಿಸಿಟರ್ ಇಟ್ಟು ಅದರ ಖರ್ಚೂ ನಿಮ್ಮ ತಲೆ ಮೇಲೇ ಬರತ್ತೆ. ಸಾಲಿಸಿಟರ್ಸ್ ರೆಗ್ಯುಲೇಷನ್ ಅಥಾರಿಟಿ ಲಿಸ್ಟಲ್ಲಿ ಹೆಸರು ಇದ್ಯಾ ನೋಡ್ಕೊಳ್ಳಿ. ಲೈಸೆನ್ಸ್ಡ್ ಕನ್ವೇಯನ್ಸರ್ ಅಂತಾನೂ ಇರ್ತಾರೆ, ಅವರದು ಬೇರೆ ಕೌನ್ಸಿಲ್, ಅವರೂ ಆಗ್ತಾರೆ.

ಉತ್ತರ, ಹ್ಯಾರೋದಿಂದ

ಮೇಲಿನವರು ಹೇಳಿದ್ದೆಲ್ಲ ನಿಜ. ಊರಿಂದ ಬರೋ ದುಡ್ಡಿನ ಬಗ್ಗೆ ನಾನು ಹೇಳ್ತೀನಿ, ನಮ್ಮದು ಏಳು ವಾರ ನಿಂತಿದ್ದು ಅದರಿಂದಾನೇ. ಇಲ್ಲಿ ಸಾಲಿಸಿಟರ್‌ಗಳು ದುಡ್ಡು ಎಲ್ಲಿಂದ ಬಂತು ಅಂತ ಬೇರಿನವರೆಗೂ ಕೇಳ್ತಾರೆ, ಅದು ಕಾನೂನು, ಬೇಜಾರ್ ಮಾಡ್ಕೋಬೇಡಿ. ಅಪ್ಪ ಕೊಟ್ರು ಅಂದ್ರೆ ಸಾಲಲ್ಲ, ಅಪ್ಪನಿಗೆ ಹೇಗೆ ಬಂತು? ಸೈಟ್ ಮಾರಿದ್ರಿಂದ. ಹಾಗಾದ್ರೆ ಸೇಲ್ ಡೀಡ್ ಕೊಡಿ. ನಮ್ಮಪ್ಪನ ಸೇಲ್ ಡೀಡ್ ಹಾಸನದ ಸಬ್ ರಿಜಿಸ್ಟ್ರಾರ್ ಆಫೀಸಿಂದು, ಪೂರ್ತಿ ಕನ್ನಡದಲ್ಲಿತ್ತು, ಅಪ್ಪನ ಫೋಟೋ ಹೆಬ್ಬೆಟ್ಟಿನ ಗುರುತು ಚಕ್ಕುಬಂದಿ ಎಲ್ಲ ಇರೋ ಹದಿನಾಲ್ಕು ಪುಟ. ನಮ್ಮ ಸಾಲಿಸಿಟರ್ ಅದನ್ನ ತಿರುಗಿಸಿ ತಿರುಗಿಸಿ ನೋಡಿ ಸರ್ಟಿಫೈಡ್ ಟ್ರಾನ್ಸ್‌ಲೇಷನ್ ಬೇಕು ಅಂದ್ರು. ಚಕ್ಕುಬಂದೀನ ಇಂಗ್ಲಿಷಲ್ಲಿ ಸರಿಯಾಗಿ ಬರೆಯೋ ಅನುವಾದಕರು ಸಿಗೋಕೇ ಹತ್ತು ದಿನ ಆಯ್ತು. ಅದಾದ್ಮೇಲೆ ಅಪ್ಪನ ಆರು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್, ಪಾಸ್‌ಪೋರ್ಟ್, ಇದು ಸಾಲ ಅಲ್ಲ ಉಡುಗೊರೆ, ಮನೇಲಿ ನನಗೆ ಯಾವ ಹಕ್ಕೂ ಇಲ್ಲ ಅಂತ ಒಂದು ಲೆಟರ್. ಆ ಸಾಲು ಓದಿ ಅಪ್ಪ ಫೋನಲ್ಲಿ ಸ್ವಲ್ಪ ಹೊತ್ತು ಸುಮ್ನಾದ್ರು, ಆಮೇಲೆ ನಾನು ಬಿಡಿಸಿ ಹೇಳಿದ್ಮೇಲೆ ಸೈನ್ ಮಾಡಿ ಕಳಿಸಿದ್ರು. ನಿಮ್ಮ ಅಪ್ಪನಿಗೂ ಮೊದಲೇ ಹೇಳಿಡಿ.

ಇನ್ನೊಂದು, ಊರಿಂದ ಒಬ್ಬರು ಒಂದು ಹಣಕಾಸು ವರ್ಷದಲ್ಲಿ ಹೊರಗೆ ಕಳಿಸೋಕಾಗೋದು 2,50,000 ಡಾಲರ್ ತನಕ. 10 ಲಕ್ಷ ರೂಪಾಯಿ ದಾಟಿದ ಮೊತ್ತಕ್ಕೆ 2025ರ ಏಪ್ರಿಲ್‌ನಿಂದ ಬ್ಯಾಂಕಿನೋರು ಗಿಫ್ಟ್‌ಗೆ 20% ಟಿಸಿಎಸ್ (ಮುಂಚೆನೇ ಹಿಡಿಯೋ ತೆರಿಗೆ) ಹಿಡೀತಿದ್ರು. ಅದು ಅಪ್ಪನ ರಿಟರ್ನ್ಸ್‌ನಲ್ಲಿ ವಾಪಸ್ ಬರತ್ತೆ ನಿಜ, ಆದ್ರೆ ಆ ಹೊತ್ತಿಗೆ ನಿಮ್ಮ ಕೈಗೆ ಅಷ್ಟು ಕಡಿಮೆ ಬರತ್ತಲ್ವಾ, ಕಳಿಸೋ ಮುಂಚೆ ಅಪ್ಪನ ಬ್ಯಾಂಕಲ್ಲಿ ಈಗಿನ ರೇಟ್ ಕೇಳಿಸಿ. ಸಾಲಿಸಿಟರ್ ಆರಿಸೋವಾಗ, ಇಂಡಿಯಾದಿಂದ ಬಂದ ದುಡ್ಡಿನ ಫೈಲ್ ಮುಂಚೆ ಮಾಡಿದೀರಾ ಅಂತ ನೇರವಾಗಿ ಕೇಳಿ. ಹೂಂ ಅನ್ನೋರು ಏನೇನು ಪೇಪರ್ ಬೇಕು ಅಂತ ಫೋನಲ್ಲೇ ಹೇಳ್ಬಿಡ್ತಾರೆ.

ಉತ್ತರ, ಲೀಡ್ಸ್‌ನಿಂದ

ನಮಸ್ಕಾರ್ರೀ. ನಾವು ಹುಬ್ಬಳ್ಳಿಯವ್ರು, ಇಲ್ಲಿ ಫ್ಲಾಟ್ ತಗೊಂಡೀವಿ. ನಿಮ್ದು ಮನಿ, ಆದ್ರ ಇಲ್ಲಿ ಓದೋರಾಗ ಫ್ಲಾಟ್ ನೋಡೋರು ಇದ್ರ ಅವ್ರಿಗಂತ ಹೇಳ್ತೀನಿ. ಫ್ಲಾಟ್ ಅಂದ್ರ ಇಲ್ಲಿ ಹೆಚ್ಚಾಗಿ ಲೀಸ್‌ಹೋಲ್ಡ್, ನೆಲ ಬ್ಯಾರೆಯವ್ರದು. ಲೀಸ್ ಎಷ್ಟ್ ವರ್ಷ ಉಳದೈತಿ, ಗ್ರೌಂಡ್ ರೆಂಟ್ (ನೆಲದ ಬಾಡಿಗಿ) ಎಷ್ಟು, ಅದು ಹತ್ತ್ ವರ್ಷಕ್ಕೊಮ್ಮೆ ದುಪ್ಪಟ್ಟು ಆಕ್ಕೈತೇನು, ಸರ್ವಿಸ್ ಚಾರ್ಜ್ ಮುಂದ ಏರ್ತೈತೇನು, ಇವನ್ನೆಲ್ಲಾ ಓದಿ ನಮಗ ತಿಳಿಯೂಹಂಗ ಹೇಳೋ ಸಾಲಿಸಿಟರ್ ಬೇಕ್ರೀ. 2022ರ ಜೂನ್ 30ರಿಂದ ಮುಂದ ಮಾಡಿದ ಹೊಸಾ ಲೀಸಿಗೆ ಸಾಮಾನ್ಯವಾಗಿ ಗ್ರೌಂಡ್ ರೆಂಟ್ ಇರೂದಿಲ್ಲ, ಹಳೇ ಲೀಸ್ ಇದ್ರ ಇರ್ತೈತಿ. ನಮ್ಮ ಸಾಲಿಸಿಟರ್ ಒಬ್ಬ ಹುಡುಗ, ವಯಸ್ಸು ಮೂವತ್ತೂ ಆಗಿಲ್ಲ, ಬಿಲ್ಡಿಂಗ್ ನೋಡ್ಕೊಳ್ಳೂ ಮ್ಯಾನೇಜಿಂಗ್ ಏಜೆಂಟ್ ಪೇಪರ್ ಕಳಸಲಾರದ ಐದು ವಾರ ಕುಂತಾಗ ವಾರಕ್ಕೆ ಎರಡ್ ಸಲ ತಾನ ಫೋನ್ ಹಚ್ಚಿ ಬೆನ್ನ ಹತ್ತಿದಾ. ಅಂವಾ ಇರಲಿಲ್ಲಂದ್ರ ಮಾರ್ಟ್‌ಗೇಜ್ ಆಫರ್ ಎಕ್ಸ್‌ಪೈರ್ ಆಗಿ ನಾವು ಮತ್ತ ಮೊದಲಿಂದ ಶುರು ಮಾಡಬೇಕಾಗಿತ್ತು. ಆಫೀಸ್ ಎಷ್ಟ್ ದೊಡ್ಡದು ಅನ್ನೂದು ಬಿಡ್ರಿ, ಫೋನ್ ಎತ್ತೂ ಮನಷ್ಯಾ ಬೇಕು.

ಉತ್ತರ, ಎಡಿನ್‌ಬರ್ಗ್‌ನಿಂದ

ಸ್ಕಾಟ್ಲೆಂಡಲ್ಲಿ ಇರೋರು ಇದನ್ನೆಲ್ಲ ಓದಿ ಕನ್‌ಫ್ಯೂಸ್ ಆಗ್ಬೇಡಿ. ಇಲ್ಲಿ ಕಾನೂನೇ ಬೇರೆ, ಆಫರ್ ಹಾಕೋದೇ ಸಾಲಿಸಿಟರ್, ಹಾಗಾಗಿ ಮನೆ ಹುಡುಕೋ ಮುಂಚೇನೇ ಅವರು ಬೇಕು, ಟ್ಯಾಕ್ಸ್‌ನ ಹೆಸರೂ ರೇಟೂ ಬೇರೆ. ಸ್ಕಾಟಿಷ್ ಸಾಲಿಸಿಟರನ್ನೇ ಹಿಡೀರಿ.

ಪ್ರಶ್ನೆ ಕೇಳಿದವರು

ಎಲ್ರಿಗೂ ತುಂಬಾ ಥ್ಯಾಂಕ್ಸ್, ಹೆಂಡ್ತೀಗೂ ಓದಿ ಹೇಳ್ದೆ. ಈಗ ಎದೆ ಹೊಡ್ಕೊಳ್ತಿದೆ. ಅವಳ ಹೆಸರಲ್ಲಿ ಬನಶಂಕರೀಲಿ ಒಂದು ಫ್ಲಾಟ್ ಇದೆ, ಮದುವೆಗೆ ಮುಂಚೆ ಮಾವ ಕೊಡ್ಸಿದ್ದು. ಇಲ್ಲಿ ಮನೇನ ಬರೀ ನನ್ನ ಹೆಸರಲ್ಲಿ ತಗೊಂಡ್ರೆ ಸರಿ ಹೋಗತ್ತಾ?

ಉತ್ತರ, ವೋಕಿಂಗ್‌ಹ್ಯಾಮ್‌ನಿಂದ

ಹೋಗಲ್ಲ ಸರ್. ಒಟ್ಟಿಗೆ ಇರೋ ಗಂಡ ಹೆಂಡ್ತಿ ಆದ್ರೆ ಇಬ್ರೂ ಸೇರಿ ತಗೊಂಡ ಹಾಗೇ ನೋಡ್ತಾರೆ. ನಿಮ್ಮ 3 ಲಕ್ಷದ 80 ಸಾವಿರಕ್ಕೆ ಫಸ್ಟ್ ಟೈಮ್ ಬಯರ್ ಆಗಿದ್ರೆ 4 ಸಾವಿರ, ಆ ರಿಯಾಯಿತಿ ಹೋಗಿ ಈ 5% ಸೇರಿದ್ರೆ 28 ಸಾವಿರ. ಅಪ್ಪ ಮಾರಿದ್ದು ಖಾಲಿ ಸೈಟ್, ಅದೂ ಅವರ ಹೆಸರಿಂದು, ಅದರಿಂದ ಇಲ್ಲಿ ಏನೂ ಆಗಲ್ಲ, ಆದ್ರೆ ಫ್ಲಾಟ್ ಅಂದ್ರೆ ಮನೇನೇ. ಮುಚ್ಚಿಡೋ ಯೋಚನೆ ಮಾತ್ರ ಮಾಡ್ಬೇಡಿ, ಆಮೇಲೆ ಗೊತ್ತಾದ್ರೆ ಬಡ್ಡಿ ದಂಡ ಎಲ್ಲ ಸೇರಿ ಬರತ್ತೆ. ಆ ಫ್ಲಾಟ್‌ನ ಬೆಲೆ, ಯಾವಾಗ ತಗೊಂಡಿದ್ದು, ಯಾರ್ಯಾರ ಹೆಸರಿದೆ ಅನ್ನೋ ಪೇಪರ್ ಇಟ್ಕೊಂಡು ಸಾಲಿಸಿಟರ್ ಹತ್ರ ಮೊದಲನೇ ದಿನಾನೇ ಕೇಳಿ. ಇಂಗ್ಲೆಂಡಲ್ಲಿ ಎಕ್ಸ್‌ಚೇಂಜ್ ಆಗೋ ತನಕ ಯಾರೂ ಕಟ್ಟು ಬಿದ್ದಿರಲ್ಲ, ನಿಮ್ಮ ಕೈಲಿ ಇನ್ನೂ ಟೈಮ್ ಇದೆ.

ಉತ್ತರ, ಸ್ಲೌನಿಂದ

ಒಂದೇ ಮಾತು ಸೇರಿಸ್ತೀನಿ. ಕಂಪ್ಲೀಷನ್ (ದುಡ್ಡು ಪೂರ್ತಿ ಕೊಟ್ಟು ಕೀ ತಗೊಳ್ಳೋ ದಿನ) ಹತ್ರ ಬಂದಾಗ ನಮ್ಮ ಬ್ಯಾಂಕ್ ಅಕೌಂಟ್ ಬದಲಾಗಿದೆ ಅಂತ ಸಾಲಿಸಿಟರ್ ಹೆಸರಲ್ಲಿ ಈಮೇಲ್ ಬಂದ್ರೆ ಒಂದು ಪೈಸಾನೂ ಕಳಿಸ್ಬೇಡಿ. ನನ್ನ ಸ್ನೇಹಿತರಿಗೆ ಬಂದಿತ್ತು, ಸಹಿ, ಲೋಗೋ, ಫೈಲ್ ನಂಬರ್ ಎಲ್ಲ ಸರಿಯಾಗೇ ಇತ್ತು. ಮೊದಲನೇ ದಿನ ಪೇಪರಲ್ಲಿ ಕೊಟ್ಟ ನಂಬರ್‌ಗೇ ಫೋನ್ ಮಾಡಿ ಅಕೌಂಟ್ ನಂಬರ್ ಓದಿಸ್ಕೊಳ್ಳಿ. ಎದುರಿಗೇ ಹೋಗಿ ಕೇಳೋಕೆ ಆಫೀಸ್ ಹತ್ರ ಇದ್ರೆ ಇನ್ನೂ ಒಳ್ಳೇದು.

ಪ್ರಶ್ನೆ ಕೇಳಿದವರು

ಪೇಟೆ ಆಫೀಸಿಗೆ ಮಧ್ಯಾಹ್ನ ಫೋನ್ ಮಾಡಿದ್ವಿ. ಎತ್ತಿದವರೇ ಫೈಲ್ ನೋಡೋರಂತೆ. ನಾನು ಫ್ಲಾಟ್ ವಿಷ್ಯ ತೆಗೆಯೋ ಮುಂಚೇನೇ, ಇಬ್ರಲ್ಲಿ ಯಾರಿಗಾದ್ರೂ ಬೇರೆ ದೇಶದಲ್ಲಿ ಮನೆ ಇದ್ಯಾ ಅಂತ ಅವರೇ ಕೇಳಿದ್ರು. ಶುಕ್ರವಾರ ಹತ್ತೂವರೆಗೆ ಬನ್ನಿ ಅಂದಿದಾರೆ. ಮನೆ ಸಿಗತ್ತೋ ಬಿಡತ್ತೋ ಆಮೇಲೆ ನೋಡೋಣ ಅಂತ ಅವಳೂ ಸಮಾಧಾನ ಮಾಡ್ಕೊಂಡಿದಾಳೆ. ಅಪ್ಪ ಸೈಟಿನ ಸೇಲ್ ಡೀಡ್ ವಾಟ್ಸಾಪಲ್ಲಿ ಕಳಿಸಿದಾರೆ, ಹನ್ನೊಂದು ಪುಟ, ಪೂರ್ತಿ ಕನ್ನಡದಲ್ಲೇ ಇದೆ. ಹ್ಯಾರೋ ಮೇಡಂ, ಆ ಅನುವಾದಕರ ನಂಬರ್ ಇದ್ರೆ ದಯವಿಟ್ಟು ಮೆಸೇಜ್ ಮಾಡ್ತೀರಾ?