ಹಾಡಿನ ನಡುವಿನ ಎರಡೇ ಸಾಲು ಮತ್ತೆ ರೆಕಾರ್ಡ್ ಮಾಡಿದರೆ ಸೇರಿಸಿದ ಕಡೆ ‘ಟಕ್’ ಅಂತಿದೆ

ಶ್ರುತಿಪೆಟ್ಟಿಗೆ, ದಾವಣಗೆರೆ
ನಮಸ್ಕಾರ. ವಚನ ಗಾಯನದ ಟ್ರ್ಯಾಕ್, ರೀಪರ್ ಅನ್ನೋ ರೆಕಾರ್ಡಿಂಗ್ ಸಾಫ್ಟ್‌ವೇರ್‌ನಲ್ಲಿ, 48,000 ಹರ್ಟ್ಜ್. ಶ್ರುತಿ ಕಪ್ಪು ಒಂದು (ಹಾರ್ಮೋನಿಯಂನ ಮೊದಲ ಕಪ್ಪು ಮನೆ). ಎರಡನೇ ಚರಣದ ಎರಡು ಸಾಲಲ್ಲಿ ಶ್ರುತಿ ಇಳಿದಿದೆ, ಉಳಿದದ್ದು ಚೆನ್ನಾಗಿದೆ. ಅಷ್ಟನ್ನೇ ಮತ್ತೆ ಹಾಡಿಸಿ ಕೂರಿಸಿದರೆ ಎರಡೂ ತುದಿಯಲ್ಲಿ ‘ಟಕ್’ ಅನ್ನುತ್ತೆ, ದನಿಯೂ ಬೇರೆ ಯಾರದೋ ಅನ್ನೋ ಹಾಗಿದೆ. ಎಲ್ಲಿ ತಪ್ಪುತ್ತಿದೆ?

ಫೇಡರ್, ದಾವಣಗೆರೆ
ಮೊದಲು ‘ಟಕ್’ ವಿಷಯ ನೋಡ್ರಿ. ಅಲೆ ಮೇಲಿದ್ದಾಗ ಕತ್ತರಿಸಿ, ಕೆಳಗಿರೋ ಇನ್ನೊಂದು ಅಲೆ ತಂದು ಅಂಟಿಸಿದರೆ ಆ ಜಿಗಿತವೇ ‘ಟಕ್’. ಕ್ರಾಸ್‌ಫೇಡ್ (ಹಳೆಯದನ್ನು ಮೆಲ್ಲಗೆ ಇಳಿಸುತ್ತಾ ಹೊಸದನ್ನು ಏರಿಸೋದು) ಹಾಕಿದರೆ ಅದು ಹೋಗುತ್ತೆ. ಆದರೆ ಸ್ವರ ಎಳೆಯುತ್ತಿರುವಾಗ ಸೇರಿಸಿದರೆ ಎರಡು ದನಿ ಒಂದರ ಮೇಲೊಂದು ಬಂದು ಕ್ಷಣಕಾಲ ಅಲುಗಾಡಿದ ಹಾಗೆ ಕೇಳುತ್ತೆ. ಅದಕ್ಕೇ ಉಸಿರಿನ ಮುಂಚೆ ಕತ್ತರಿಸಿ, ಹೊಸ ಉಸಿರು ಹೊಸ ಸಾಲಿನ ಜೊತೆಗೇ ಬರಲಿ. ಉಸಿರು ಸಿಗದಿದ್ದರೆ ಕ, ಟ, ತ, ಪ ಹುಡುಕ್ರಿ. ‘ಬೆಟ್ಟ’ದ ಟ್ಟ ಅನ್ನೋ ಮುಂಚೆ ನಾಲಿಗೆ ದನಿಯನ್ನು ಪೂರ್ತಿ ಮುಚ್ಚುತ್ತೆ, ಜೂಮ್ ಮಾಡಿದರೆ ಅಲ್ಲಿ ಅಲೆ ಸಪಾಟಾಗಿ ಮಲಗಿರೋದು ಕಾಣುತ್ತೆ. ಕತ್ತರಿ ಅಲ್ಲಿಗೆ. ಮ, ನ, ಲ ನಡುವೆ ಬೇಡವೇ ಬೇಡ.

ರೀಪರ್‌ನಲ್ಲಿ: ರೆಕಾರ್ಡ್ ಬಟನ್ ಮೇಲೆ ರೈಟ್ ಕ್ಲಿಕ್ ಮಾಡಿ ‘ಟೈಮ್ ಸೆಲೆಕ್ಷನ್ ಆಟೋ ಪಂಚ್’ (ಗುರುತು ಮಾಡಿದ ಭಾಗದಲ್ಲಷ್ಟೇ ರೆಕಾರ್ಡ್ ಆಗೋ ಮೋಡ್) ಆರಿಸಿ. ಮೇಲಿನ ರೂಲರ್‌ನಲ್ಲಿ ಆ ಎರಡು ಸಾಲನ್ನು ಎಳೆದು ಗುರುತು ಮಾಡಿ, ಟ್ರ್ಯಾಕ್ ಆರ್ಮ್ ಮಾಡಿ (ರೆಕಾರ್ಡಿಂಗ್‌ಗೆ ಸಿದ್ಧ ಮಾಡಿ), ಕರ್ಸರನ್ನು 8–10 ಸೆಕೆಂಡ್ ಹಿಂದೆ ಇಟ್ಟು ಕಂಟ್ರೋಲ್ ಆರ್ ಒತ್ತಿ. ಗಾಯಕರು ಹಿಂದಿನ ಸಾಲಿನಿಂದಲೇ ಹಳೆಯ ದನಿಯ ಜೊತೆ ಹಾಡಲಿ, ಮುಂದಿನ ಸಾಲಿಗೂ ದಾಟಲಿ. ಸುಮ್ಮನೆ ಕೂತು ತಮ್ಮ ಸಾಲು ಬಂದಾಗ ಶುರು ಮಾಡಿದರೆ ಮೊದಲ ಅಕ್ಷರ ಹೆಚ್ಚಾಗಿ ಜೋರಾಗಿ ಬೀಳುತ್ತೆ. ಕ್ರಾಸ್‌ಫೇಡ್ ಸಾಮಾನ್ಯವಾಗಿ 10 ಮಿಲಿಸೆಕೆಂಡ್ ಇರುತ್ತೆ. ಉಸಿರಿನ ಕಡೆ 30–40ಕ್ಕೆ ಎಳೀರಿ. ಮುಗಿದ ಮೇಲೆ ಮೋಡ್ ನಾರ್ಮಲ್‌ಗೆ ತನ್ನಿ, ಇಲ್ಲಾಂದ್ರೆ ಮುಂದಿನ ರೆಕಾರ್ಡಿಂಗ್ ಆ ಸೆಲೆಕ್ಷನ್ ಒಳಗಷ್ಟೇ ಬೀಳುತ್ತೆ.

ಕೋಟೆಗಾಳಿ, ಚಿತ್ರದುರ್ಗ
ಫೇಡರ್ ಹೇಳಿದ್ದು ಸರಿ, ಆದರೆ ದನಿಗೆ ಆಟೋ ಪಂಚ್ ನಾನು ಒಪ್ಪಲ್ಲ. ಪಂಚ್ ಜಾಗ ಮೊದಲೇ ಕಟ್ಟಿಹಾಕಿದರೆ ಒಳ್ಳೆಯ ಉಸಿರು ಅದರ ಹೊರಗೆ ಬಿದ್ದು ಹೋಗುತ್ತೆ. ಕೆಳಗೆ ಹೊಸ ಟ್ರ್ಯಾಕ್ ಮಾಡಿ, ಚರಣ ಪೂರ್ತಿ ಮೂರು ಸಲ ಹಾಡಿಸಿ, ಆಮೇಲೆ ಎಸ್ ಒತ್ತಿ ಕತ್ತರಿಸಿಕೊಳ್ಳಿ. ಹಳೆಯ ಟ್ರ್ಯಾಕಿನ ಈಕ್ಯೂ (ಬೇಸ್-ಟ್ರೆಬಲ್ ಹೊಂದಿಕೆ), ಕಂಪ್ರೆಸರ್ (ಜೋರು-ಮೆಲ್ಲಗಿನ ಅಂತರ ಕಡಿಮೆ ಮಾಡೋದು) ಹೊಸದಕ್ಕೂ ಹಾಗೇ ಕಾಪಿ ಮಾಡೋದು ಮರೀಬೇಡಿ.

ದನಿ ಬೇರೆ ಅನಿಸೋದು ಬಹುಪಾಲು ಮೈಕಿನ ದೂರದಿಂದ. ಒಂದು ಗೇಣು ಇದ್ದದ್ದು ಅರ್ಧ ಗೇಣಾದರೆ ಸುಮಾರು 6 ಡಿಬಿ ಜೋರಾಗುತ್ತೆ, ಕಾರ್ಡಿಯಾಯ್ಡ್ (ಎದುರಿನ ದನಿಯನ್ನೇ ಹೆಚ್ಚು ಹಿಡಿಯೋ) ಮೈಕಲ್ಲಿ ಬೇಸ್ ಕೂಡ ಉಬ್ಬುತ್ತೆ. ಟ್ರ್ಯಾಕಿನ ವಾಲ್ಯೂಮ್ ಇಳಿಸಿದರೆ ಜೋರು ಕಡಿಮೆಯಾಗುತ್ತೆ, ಉಬ್ಬಿದ ಬೇಸ್ ಹಾಗೇ ಉಳಿಯುತ್ತೆ. ನೆಲಕ್ಕೆ ಟೇಪ್ ಅಂಟಿಸಿ ಕಾಲಿನ ಜಾಗ ಗುರುತಿಡಿ, ಗೇನ್ ನಾಬಿನ (ಮೈಕಿನ ಮಟ್ಟ ಹೊಂದಿಸೋ ಗುಂಡಿ) ಫೋಟೋ ತೆಗೆದಿಡಿ. ಹಾಡಿಸುವ ಮುಂಚೆ ಹಳೆಯ ಸಾಲು ಎರಡು ಸಲ ಹೆಡ್‌ಫೋನಲ್ಲಿ ಕೇಳಿಸಿ.

ಇನ್ನೊಂದು ಕಾರಣ ಫ್ಯಾನು. ಏಪ್ರಿಲ್ ಸೆಕೆಯಲ್ಲಿ ಹಳೆಯ ಟೇಕ್ ಫ್ಯಾನ್ ಆರಿಸಿ, ಹೊಸ ಟೇಕ್ ಫ್ಯಾನ್ ಹಾಕಿಕೊಂಡು ಮಾಡಿದ್ದರೆ ಆ ಎರಡು ಸಾಲಿನ ಹಿಂದೆ ಮಾತ್ರ ‘ಹೋ’ ಅನ್ನೋದು ಬಂದು ಹೋಗುತ್ತೆ. ಒಂದು ಟೇಕ್ ಮುಗಿದು ಇನ್ನೊಂದು ಶುರುವಾಗೋ ನಡುವೆ ಫ್ಯಾನ್ ಹಾಕಿ, ಹಾಡುವಾಗ ಆರಿಸಿ. ಖಾಲಿ ರೂಮಿನ ಶಬ್ದ 30 ಸೆಕೆಂಡ್ ರೆಕಾರ್ಡ್ ಮಾಡಿಟ್ಟರೆ ಸಂದು ತುಂಬೋಕೆ ಆಗುತ್ತೆ. ತಂಬೂರಿ ಹೇಗೆ ಕೇಳಿಸಿದ್ದೀರಿ?

ಶ್ರುತಿಪೆಟ್ಟಿಗೆ, ದಾವಣಗೆರೆ
ಫೋನ್ ಆ್ಯಪಿನ ತಂಬೂರಿ, ಸ್ಪೀಕರ್‌ನಲ್ಲಿ, ಅದೇ ರೂಮಲ್ಲಿ. ತಬಲಾ ಬೇರೆ ದಿನ, ಬೇರೆ ಟ್ರ್ಯಾಕು.

ಕೋಟೆಗಾಳಿ, ಚಿತ್ರದುರ್ಗ
ಹಾಗಾದ್ರೆ ಸಿಕ್ಕಿತು ಅಣ್ಣಾ. ಹಳೆಯ ದನಿಯ ಮೈಕಿಗೆ ತಂಬೂರಿ ಸೋರಿದೆ. ಹೊಸ ಟೇಕಿಗೆ ಸೋರಿದ್ದು ಬೇರೆ ಮಟ್ಟದ್ದು, ಮೀಟೂ ಬೇರೆ ಜಾಗದಲ್ಲಿ, ಹಾಗಾಗಿ ಸೇರಿಸಿದ ಕಡೆ ಅದೂ ತುಂಡಾಗುತ್ತೆ. ಈಗ ಆ ಸ್ಪೀಕರನ್ನೇ ಅದೇ ಜಾಗದಲ್ಲಿ, ಅದೇ ವಾಲ್ಯೂಮಲ್ಲಿ ಇಟ್ಟು ಹಾಡಿಸಿ. ಮಿಕ್ಸಲ್ಲಿ ಬೇರೊಂದು ತಂಬೂರಿ ಟ್ರ್ಯಾಕನ್ನು ಹಾಡಿನ ಉದ್ದಕ್ಕೂ ಹಾಸಿ, ತುಂಡಾದದ್ದು ಅದರಡಿ ಮುಚ್ಚಿಹೋಗುತ್ತೆ. ಮುಂದಿನ ಹಾಡಿಗೆ ತಂಬೂರಿ ಹೆಡ್‌ಫೋನ್‌ಗೆ ಮಾತ್ರ.