ಸಹಾಯ ಬೇಕು: ಉಬುಂಟು 24.04ರಲ್ಲಿ ಒರಾಕಲ್ ಇನ್‌ಸ್ಟಂಟ್ ಕ್ಲೈಂಟ್

ಎಲ್ಲರಿಗೂ ನಮಸ್ಕಾರ. ಎರಡು ದಿನದಿಂದ ಇದರಲ್ಲೇ ಸಿಕ್ಕಿಹಾಕಿಕೊಂಡಿದ್ದೇನೆ, ಗೊತ್ತಿದ್ದವರು ದಯವಿಟ್ಟು ಹೇಳಿ.

ಇನ್‌ಸ್ಟಂಟ್ ಕ್ಲೈಂಟ್ (ಒರಾಕಲ್ ಡೇಟಾಬೇಸ್‌ಗೆ ಸಂಪರ್ಕಿಸುವ ಸಾಫ್ಟ್‌ವೇರ್) ಲಿನಕ್ಸ್‌ಗೆ ಆರ್‌ಪಿಎಂ ಮತ್ತು ಜಿಪ್ ರೂಪದಲ್ಲಿ ಬರುತ್ತದೆ, ಉಬುಂಟುಗೆ ಬೇಕಾದ ಡೆಬ್ ಪ್ಯಾಕೇಜ್ ಇಲ್ಲ. ಅದಕ್ಕೇ 19ನೇ ಆವೃತ್ತಿಯ ಜಿಪ್ ಇಳಿಸಿ, ಆಪ್ಟ್ (/opt) ಫೋಲ್ಡರಿನಲ್ಲಿ ಬಿಚ್ಚಿ, ಲೈಬ್ರರಿಗಳು ಎಲ್ಲಿವೆ ಅಂತ ಸಿಸ್ಟಮ್‌ಗೆ ತಿಳಿಸುವ ಎಲ್‌ಡಿಕಾನ್ಫಿಗ್ ಕೂಡ ಓಡಿಸಿದೆ. ಎಸ್‌ಕ್ಯೂಎಲ್‌ಪ್ಲಸ್ (ಡೇಟಾಬೇಸ್‌ಗೆ ಆದೇಶ ಕೊಡುವ ಪ್ರೋಗ್ರಾಂ) ಕೊಟ್ಟ ತಕ್ಷಣ 'ಲಿಬ್‌ಎಐಒ.ಎಸ್‌ಒ.1 ತೆರೆಯಲು ಆಗುತ್ತಿಲ್ಲ' ಅನ್ನೋ ಎರರ್.

ಹುಡುಕಿದಾಗ ಗೊತ್ತಾಗಿದ್ದು, 24.04ರಲ್ಲಿ ಆ ಲೈಬ್ರರಿಯ ಹೆಸರೇ ಬದಲಾಗಿದೆ, ಕೊನೆಯಲ್ಲಿ ಟಿ64 ಸೇರಿಕೊಂಡಿದೆ. 32 ಬಿಟ್ ಯಂತ್ರಗಳಲ್ಲಿ ಸಮಯದ ಲೆಕ್ಕವನ್ನು 64 ಬಿಟ್‌ಗೆ ತಂದಾಗ ಆದ ಬದಲಾವಣೆಯಂತೆ, 2038ರ ಸಮಸ್ಯೆ ಅಂತಾರಲ್ವಾ (32 ಬಿಟ್ ಸಮಯದ ಲೆಕ್ಕ ಆ ವರ್ಷ ತುಂಬಿಹೋಗುತ್ತದೆ), ಅದಕ್ಕಾಗಿ. ಹೊಸ ಪ್ಯಾಕೇಜ್ ಹಾಕಿದೆ, ಆದರೂ ಕ್ಲೈಂಟ್ ಹಳೇ ಹೆಸರನ್ನೇ ಹುಡುಕುತ್ತದೆ. ಕೊನೆಗೆ ಹಳೇ ಹೆಸರಿನಲ್ಲಿ ಒಂದು ಸಿಮ್‌ಲಿಂಕ್ (ಹೊಸ ಫೈಲನ್ನು ತೋರಿಸುವ ಕೊಂಡಿ) ಮಾಡಿದೆ, ಆಗ ಎಸ್‌ಕ್ಯೂಎಲ್‌ಪ್ಲಸ್ ತೆರೆದುಕೊಂಡಿತು!

ಈಗ ನನ್ನ ಪ್ರಶ್ನೆ. ನನ್ನದು 64 ಬಿಟ್ ಯಂತ್ರ, ಹಾಗಾಗಿ ಈ ಸಿಮ್‌ಲಿಂಕ್ ನಂಬಿ ದಿನಾ ಕೆಲಸ ಮಾಡಬಹುದಾ? ಅಥವಾ ಸುಮ್ನೆ ಒರಾಕಲ್ ಲಿನಕ್ಸ್‌ನ ಡಾಕರ್ ಕಂಟೇನರ್ (ನನ್ನ ಸಿಸ್ಟಮ್‌ನಿಂದ ಬೇರೆಯಾಗಿ ಓಡುವ ಪರಿಸರ) ಒಳಗೇ ಕ್ಲೈಂಟ್ ಇಟ್ಟುಕೊಳ್ಳೋದು ವಾಸಿನಾ? ರಾತ್ರಿ ಕ್ರಾನ್‌ನಲ್ಲಿ (ನಿಗದಿತ ಸಮಯಕ್ಕೆ ತಾನೇ ಓಡಿಸುವ ವ್ಯವಸ್ಥೆ) ಓಡುವ ಸ್ಕ್ರಿಪ್ಟ್‌ಗಳು ಇದನ್ನೇ ನೆಚ್ಚಿಕೊಂಡಿವೆ, ಅದಕ್ಕೇ ಭಯ. ಇದೇ ರೀತಿ ಮಾಡಿ ಕೆಲವು ತಿಂಗಳು ಓಡಿಸಿದವರ ಅನುಭವ ಸಿಕ್ಕರೆ ಬಹಳ ಉಪಕಾರ ಆಗುತ್ತದೆ.