ಹಾಲಕ್ಕಿ ಕೊಪ್ಪದ ಸುಗ್ಗಿ ನೋಡಲು ನಲವತ್ತು ಜನ ಹೋಗುವುದಾದರೆ ಯಾರ ಒಪ್ಪಿಗೆ ಕೇಳಬೇಕು?

ಪ್ರಶ್ನೆ: ಸಂಘದ ಕಾರ್ಯದರ್ಶಿ, ಬೆಂಗಳೂರು

ನಮ್ಮ ಬಡಾವಣೆಯ ಕನ್ನಡ ಸಂಘದಿಂದ ವರ್ಷಕ್ಕೊಮ್ಮೆ ಸಾಂಸ್ಕೃತಿಕ ಪ್ರವಾಸ ಹೋಗುವ ರೂಢಿಯಿದೆ. ಈ ಸಲ ಉತ್ತರ ಕನ್ನಡ ಜಿಲ್ಲೆಯ ಅಂಕೋಲಾ ತಾಲ್ಲೂಕಿನಲ್ಲಿ ಹಾಲಕ್ಕಿ ಒಕ್ಕಲಿಗ ಸಮುದಾಯದವರು ವಾಸಿಸುವ ಒಂದು ಕೊಪ್ಪಕ್ಕೆ, ಅಂದರೆ ಅವರ ಕೇರಿಗೆ, ಹೋಗಿ ಸುಗ್ಗಿ ಕುಣಿತ ನೋಡಬೇಕೆಂದು ಸುಮಾರು ನಲವತ್ತು ಮಂದಿ ಹೆಸರು ಕೊಟ್ಟಿದ್ದಾರೆ. ಅವರಲ್ಲಿ ಹಿರಿಯರೂ ಮಕ್ಕಳೂ ಇದ್ದಾರೆ. ಗ್ರಾಮ ಪಂಚಾಯಿತಿಯ ಸದಸ್ಯರೊಬ್ಬರಿಗೆ ಫೋನು ಮಾಡಿದಾಗ, ತಮ್ಮ ಕಡೆಯಿಂದ ಏನೂ ಅಡ್ಡಿಯಿಲ್ಲವೆಂದೂ ಆದರೆ ಊರಗೌಡರನ್ನು ಕೇಳದೆ ಮುಂದುವರಿಯಬಾರದೆಂದೂ ಹೇಳಿದರು. ಅದರಂತೆ ನಾನೂ ನಮ್ಮ ಖಜಾಂಚಿಯೂ ಹೋಗಿ ಗೌಡರನ್ನು ಕಂಡೆವು. ಜಗುಲಿಯಲ್ಲಿ ಕೂರಿಸಿ, ಮಜ್ಜಿಗೆ ಕೊಟ್ಟು, ಎಲ್ಲವನ್ನೂ ಕೇಳಿಸಿಕೊಂಡ ಅವರು ಕೊನೆಗೆ "ನೋಡುವಾ" ಎಂದಷ್ಟೇ ಹೇಳಿದರು. ಹೋಳಿ ಕಳೆದು ಎರಡನೆಯ ಶನಿವಾರವಾದರೆ ನಮ್ಮವರಿಗೆ ರಜೆ ಸಿಗುತ್ತದೆ ಎಂದೂ, ತಂಡಕ್ಕೆ ಇಪ್ಪತ್ತೈದು ಸಾವಿರ ಕೊಡುತ್ತೇವೆ ಎಂದೂ ಹೇಳಿದ್ದಕ್ಕೆ ಅವರು ಉತ್ತರವನ್ನೇ ಕೊಡಲಿಲ್ಲ.

ನಾವು ಊರಿಗೆ ಮರಳಿದ ಮೇಲೆ, ಅಲ್ಲಿಯೇ ನಿಂತು ಮಾತು ಕೇಳುತ್ತಿದ್ದ ಯುವಕನೊಬ್ಬ ಫೋನು ಮಾಡಿ, ನಲವತ್ತು ಸಾವಿರವಾದರೆ ಯಾವ ದಿನ ಬೇಕಾದರೂ ತಂಡ ಕಟ್ಟಿಕೊಡುವುದಾಗಿ ಹೇಳಿದ. ಗೌಡರ ಮೌನವನ್ನು ಹೇಗೆ ಅರ್ಥ ಮಾಡಿಕೊಳ್ಳಬೇಕು, ಹಣದ ಮಾತನ್ನು ಯಾರ ಬಳಿ ಎತ್ತಬೇಕು, ಈ ಯುವಕನ ಜೊತೆ ಮುಂದುವರಿಯುವುದು ಸರಿಯೇ ಎಂಬುದನ್ನು ಆ ಭಾಗದ ಪರಿಚಯವಿದ್ದವರು ದಯವಿಟ್ಟು ತಿಳಿಸಬೇಕು.

ಉತ್ತರ: ನಿವೃತ್ತ ಶಿಕ್ಷಕಿ, ಅಂಕೋಲಾ

ಗೌಡರು ಒಲ್ಲೆ ಎನ್ನಲಿಲ್ಲ, ಒಬ್ಬರೇ ಹೂಂ ಎನ್ನುವ ಅಧಿಕಾರವೂ ಅವರಿಗಿಲ್ಲ. ಹಾಲಕ್ಕಿ ಕೊಪ್ಪದಲ್ಲಿ ಗೌಡ, ಬುದವಂತ, ಕೋಲಕಾರ ಎಂಬ ಮೂರು ಸ್ಥಾನಗಳು ವಂಶಪಾರಂಪರ್ಯವಾಗಿ ನಡೆದುಬಂದಿವೆ. ಗೌಡರು ಹಿರಿತನ ವಹಿಸುತ್ತಾರೆ, ಬುದವಂತರು ಸಲಹೆ ಕೊಡುತ್ತಾರೆ, ಕೋಲಕಾರರು ಮನೆಮನೆಗೆ ಸುದ್ದಿ ಮುಟ್ಟಿಸಿ ಜನರನ್ನು ಸೇರಿಸುತ್ತಾರೆ. ಇದಕ್ಕೆಲ್ಲ ಮೇಲೆ ಸೀಮೆಯ ಗೌಡರಿದ್ದಾರೆ. ಆದರೆ ನಿಮ್ಮ ಕೆಲಸ ಅಷ್ಟು ದೂರ ಹೋಗುವಂಥದ್ದಲ್ಲ. ಊರಿಗೆ ಸಂಬಂಧಿಸಿದ ಮಾತನ್ನು ನಾಲ್ಕು ಜನರ ಮುಂದಿಟ್ಟು ತೀರ್ಮಾನಿಸುವುದು ಅಲ್ಲಿಯ ಕ್ರಮವಾದ್ದರಿಂದ, ಮೊದಲ ಭೇಟಿಯಲ್ಲಿಯೇ ದಿನ, ಹಣ, ಜನಸಂಖ್ಯೆ ಎಲ್ಲವನ್ನೂ ಒಟ್ಟಿಗೆ ಹೇಳಿಬಿಟ್ಟರೆ ಗೌಡರಿಗೆ "ನೋಡುವಾ" ಎನ್ನದೆ ಬೇರೆ ದಾರಿಯಿರುವುದಿಲ್ಲ.

ಇದಕ್ಕಿಂತ ಮುಖ್ಯವಾದದ್ದು ನೀವು ಕೇಳಿದ ದಿನ. ಸುಗ್ಗಿ ಫಾಲ್ಗುಣದ ಹಬ್ಬ. ತಂಡದವರು ಅದನ್ನು ವ್ರತದಂತೆ ಹಿಡಿದು, ದೇವರ ಮುಂದೆ ತುರಾಯಿ ಎಂಬ ಶಿರೋಭೂಷಣ ಕಟ್ಟಿಕೊಂಡು ಹೊರಟು, ಮನೆಮನೆಯ ಅಂಗಳದಲ್ಲಿ ಕುಣಿದು, ಹೋಳಿ ಹುಣ್ಣಿಮೆಯ ಹೊತ್ತಿಗೆ ಮುಗಿಸುತ್ತಾರೆ. ತುರಾಯಿಯನ್ನು ಹತ್ತಿರದಿಂದ ನೋಡಿದವರಿಗೆ ಅದರ ಹಿಂದಿನ ಕೆಲಸ ತಿಳಿಯುತ್ತದೆ: ಬೆಂಡನ್ನು ತೆಳ್ಳಗೆ ಕೆತ್ತಿ, ಬಣ್ಣ ಹಚ್ಚಿ, ಹೂವು ಹಕ್ಕಿಗಳನ್ನು ಒಂದೊಂದಾಗಿ ಸಿಕ್ಕಿಸಿ ಕಟ್ಟಿದ ಆ ಭಾರವನ್ನು ತಲೆಯ ಮೇಲೆ ಹೊತ್ತು, ಕೈಯಲ್ಲಿ ನವಿಲುಗರಿಯ ಕುಂಚ ಹಿಡಿದು, ಬಿಸಿಲಿನಲ್ಲಿ ಸುತ್ತು ಸುತ್ತು ಕುಣಿಯುತ್ತಾರೆ. ಹೋಳಿ ಮುಗಿದು ಎರಡು ವಾರವಾದ ಮೇಲೆ ಇದನ್ನು ಮತ್ತೆ ಕಟ್ಟಿ ಎಂದರೆ ಗೌಡರು ಏನೆಂದು ಉತ್ತರಿಸಬೇಕು? ನೆಂಟರ ಮುಖದ ಮೇಲೆ ಇಲ್ಲವೆನ್ನುವುದು ಅಲ್ಲಿಯ ಹಿರಿಯರಿಗೆ ಬರುವುದಿಲ್ಲ.

ಇನ್ನೊಮ್ಮೆ ಹೋಗುವಾಗ ಮುಂಚಿತವಾಗಿ ಕೋಲಕಾರರ ಮೂಲಕ ತಿಳಿಸಿ ಹೋಗಿ. ಕವಳಕ್ಕೆ ಬೇಕಾದ ಎಲೆ ಅಡಿಕೆಯನ್ನು ಜೊತೆಗೆ ಒಯ್ಯಿರಿ. ಹೆಂಗಸರೊಬ್ಬರಾದರೂ ನಿಮ್ಮ ಜೊತೆಗಿರಲಿ, ಏಕೆಂದರೆ ಜಗುಲಿಯ ಮೇಲೆ ಗಂಡಸರು ಒಪ್ಪಿದರೂ ನಲವತ್ತು ಜನರ ಊಟ, ನೀರು, ಶೌಚದ ಹೊರೆ ಬೀಳುವುದು ಒಳಗಿನವರ ಮೇಲೆ. ದಿನವನ್ನು ನೀವು ಹೇಳಬೇಡಿ, ಅವರನ್ನೇ ಕೇಳಿ.

ಉತ್ತರ: ಜಾನಪದ ಕಾರ್ಯಕ್ರಮಗಳ ಸಂಘಟಕ, ಶಿರಸಿ

ಶಿಕ್ಷಕಿಯವರ ಮಾತನ್ನು ಬಹುಮಟ್ಟಿಗೆ ಒಪ್ಪುತ್ತೇನೆ, ಆದರೆ ಫೋನು ಮಾಡಿದ ಯುವಕನನ್ನು ದಲ್ಲಾಳಿಯೆಂದು ತಳ್ಳಿಹಾಕಬಾರದು. ಊರ ಹಬ್ಬದ ಸುಗ್ಗಿ ಬೇರೆ, ವೇದಿಕೆಯ ಸುಗ್ಗಿ ಕುಣಿತ ಬೇರೆ. ಸರ್ಕಾರದ ಉತ್ಸವಗಳಿಗೆ, ಮೆರವಣಿಗೆಗಳಿಗೆ ಕರೆದಾಗ ಕಲಾವಿದರು ತಂಡ ಕಟ್ಟಿಕೊಂಡು ಹೋಗಿ, ಸಂಭಾವನೆ ಪಡೆದು ಕುಣಿದು ಬರುವುದು ಹೊಸದೇನಲ್ಲ, ಅದರಲ್ಲಿ ತಪ್ಪೂ ಇಲ್ಲ. ದಿನಗೂಲಿಯನ್ನು ಬಿಟ್ಟು ಬರುವ ಹದಿನೈದು ಇಪ್ಪತ್ತು ಜನರಿಗೆ ಹಂಚಿದರೆ ನಲವತ್ತು ಸಾವಿರ ದುಬಾರಿಯೂ ಅಲ್ಲ. ಬೆಂಗಳೂರಿನಲ್ಲಿ ಒಂದು ಮದುವೆಯ ವಾಲಗಕ್ಕೆ ಚೌಕಾಸಿಯಿಲ್ಲದೆ ಹಣ ಕೊಡುವವರು ಜಾನಪದ ಎಂದೊಡನೆ "ಕಲಾಸೇವೆ" ಎನ್ನುವುದನ್ನು ಕೇಳಿ ಕೇಳಿ ನನಗೆ ಸಾಕಾಗಿದೆ.

ನೀವು ಗಮನಿಸಬೇಕಾದದ್ದು ಒಂದೇ: ಆ ಯುವಕನ ಏರ್ಪಾಡು ಗೌಡರಿಗೆ ತಿಳಿದಿದೆಯೇ ಎಂಬುದು. ತಿಳಿಯದೆ ನಡೆದರೆ ನೀವು ಬಸ್ಸು ಹತ್ತಿ ಹೋಗುತ್ತೀರಿ, ಜಗಳ ಕೊಪ್ಪದಲ್ಲಿ ಉಳಿಯುತ್ತದೆ. ಆದ್ದರಿಂದ ಯುವಕನನ್ನು ಕರೆದುಕೊಂಡೇ ಗೌಡರ ಬಳಿ ಹೋಗಿ, "ಇವರ ತಂಡದಿಂದ ಹಬ್ಬದ ಹೊರಗಿನ ಒಂದು ಪ್ರದರ್ಶನ ನೋಡಬೇಕೆಂದಿದ್ದೇವೆ, ಹಿರಿಯರ ಅಭ್ಯಂತರ ಇದೆಯೇ?" ಎಂದು ಕೇಳಿ. ಎಷ್ಟು ಜನ ಕುಣಿಯುತ್ತಾರೆ, ಎಷ್ಟು ಹೊತ್ತು, ಯಾವ ಬಯಲಿನಲ್ಲಿ, ಊಟ ಯಾರದು, ಮುಂಗಡ ಎಷ್ಟು ಎಂಬುದನ್ನು ಒಂದು ಹಾಳೆಯಲ್ಲಿ ಬರೆದು ಎರಡೂ ಕಡೆಯವರು ಸಹಿ ಮಾಡುವುದು ಒಳ್ಳೆಯದು. ಹಣವನ್ನು ಎಲ್ಲರೆದುರು ತಂಡದ ಕೈಗೆ ಕೊಡಿ. ಗೌಡರಿಗೆ ಪ್ರತ್ಯೇಕ ಲಕೋಟೆ ಕೊಡುವ ಯೋಚನೆಯಿದ್ದರೆ ಕೈಬಿಡಿ, ಹತ್ತು ಜನರ ಮುಂದೆ ಅವರ ಮಾತಿನ ತೂಕ ಅದರಿಂದ ಕಡಿಮೆಯಾಗುತ್ತದೆ. ಊರ ದೇವರಿಗೆ ಕಾಣಿಕೆಯೆಂದು ಇಟ್ಟರೆ ಯಾರೂ ಬೇಡವೆನ್ನುವುದಿಲ್ಲ.

ಪ್ರಯಾಣದ ಬಗ್ಗೆ: ಬೆಂಗಳೂರಿನಿಂದ ಕಾರವಾರಕ್ಕೆ ಹೋಗುವ ರಾತ್ರಿಯ ಪಂಚಗಂಗಾ ಎಕ್ಸ್‌ಪ್ರೆಸ್ ಅಂಕೋಲಾದಲ್ಲಿ ನಿಲ್ಲುತ್ತದೆ. ಹಿರಿಯರಿರುವುದರಿಂದ ಘಟ್ಟದ ಬಸ್ಸಿಗಿಂತ ಅದೇ ಮೇಲು. ವಾಸ್ತವ್ಯವನ್ನು ಅಂಕೋಲಾ ಅಥವಾ ಗೋಕರ್ಣದಲ್ಲಿ ಮಾಡಿ, ಕೊಪ್ಪದಲ್ಲಿ ಬೇಡ.

ಉತ್ತರ: ಕೊಪ್ಪದ ಹುಡುಗ, ಸದ್ಯ ಹುಬ್ಬಳ್ಳಿ

ನಾನು ಹಾಲಕ್ಕಿ ಸಮಾಜದವನು. ಮೇಲಿನ ಇಬ್ಬರೂ ಹೇಳದ ಒಂದು ಸಂಗತಿಯನ್ನು ಹೇಳಬೇಕು. ಗೌಡರು ಉತ್ತರ ಕೊಡದೆ ಉಳಿಯಲು ದಿನವೂ ಹಣವೂ ಮಾತ್ರ ಕಾರಣವಾಗಿರಲಾರದು. ಹೊರಗಿನಿಂದ ಬಂದವರು ನಮ್ಮ ಅಜ್ಜಿಯಂದಿರ ಕೊರಳಿನ ಕರಿಮಣಿ ಸರಗಳನ್ನೂ ಅವರು ಸೀರೆ ಉಡುವ ರೀತಿಯನ್ನೂ ಕೇಳದೆ ಫೋಟೋ ತೆಗೆದು ಎಲ್ಲೆಂದರಲ್ಲಿ ಹಾಕಿದ್ದಾರೆ. ಪೇಟೆಯಲ್ಲಿ ತರಕಾರಿ ಬುಟ್ಟಿ ಮುಂದಿಟ್ಟುಕೊಂಡು ಕುಳಿತವರನ್ನೂ ಬಿಟ್ಟಿಲ್ಲ. ಆದ್ದರಿಂದ ನಿಮ್ಮ ಮಾತುಕತೆಯಲ್ಲಿ ಕ್ಯಾಮೆರಾದ ವಿಷಯವನ್ನು ನೀವೇ ಮೊದಲು ಎತ್ತಿ. ಕುಣಿತದ ಹೊತ್ತಿಗೆ ಇಬ್ಬರು ಮಾತ್ರ ಫೋಟೋ ತೆಗೆಯುತ್ತಾರೆ, ಮನೆಗಳ ಕಡೆ ಯಾರೂ ಫೋನು ತಿರುಗಿಸುವುದಿಲ್ಲ ಎಂದು ಹೇಳಿದರೆ, ಹಣ ಹೆಚ್ಚಿಸುವುದಕ್ಕಿಂತ ಅದರಿಂದಲೇ ಹೆಚ್ಚು ಕೆಲಸವಾಗುತ್ತದೆ.

ನಮ್ಮ ಸಮಾಜದ ಜಾನಪದ ಹಾಡುಗಾರ್ತಿ ಸುಕ್ರಿ ಬೊಮ್ಮಗೌಡ ಅವರಿಗೆ 2017ರಲ್ಲಿ ಪದ್ಮಶ್ರೀ ಬಂದ ಮೇಲೆ, ಬಂದವರೆಲ್ಲರೂ ಯಾವುದಾದರೂ ಅಜ್ಜಿಯನ್ನು ಕೂರಿಸಿ "ಒಂದು ಹಾಡು ಹೇಳಿ" ಎನ್ನುವುದು ಹೆಚ್ಚಾಯಿತು. ಸುಕ್ರಿಯವರು ಹಾಡಿದವರು ಮಾತ್ರವಲ್ಲ, ಊರಿನಲ್ಲಿ ಸಾರಾಯಿಯ ವಿರುದ್ಧ ಹೆಂಗಸರನ್ನು ಸಂಘಟಿಸಿದವರು. ಹಾಡು ಕೇಳಲು ಬಂದವರಲ್ಲಿ ಅದನ್ನು ವಿಚಾರಿಸಿದವರು ಕಡಿಮೆ. ನಿಮ್ಮ ತಂಡದಲ್ಲಿ ಯಾರಾದರೂ ಬಾಟಲಿ ತರುವವರಿದ್ದರೆ ಅವರನ್ನು ಊರಲ್ಲೇ ಬಿಟ್ಟು ಬನ್ನಿ.

ಮತ್ತೊಂದು ಮಾತು. ನಮ್ಮನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಬೇಕೆಂಬ ಬೇಡಿಕೆ ಬಹಳ ಕಾಲದಿಂದ ಇದೆ. ಬೆಂಗಳೂರಿನವರೆಂದ ಕೂಡಲೇ ಹಿರಿಯರು ಅದನ್ನು ಪ್ರಸ್ತಾಪಿಸಬಹುದು. ಸಮಾಧಾನದಿಂದ ಕೇಳಿ, ಆದರೆ ಮಂತ್ರಿಗಳ ಪರಿಚಯವಿದೆ, ಮಾಡಿಸಿಕೊಡುತ್ತೇವೆ ಎಂಬ ಮಾತು ಬಾಯಿಂದ ಬರಕೂಡದು.

ಕುಣಿತಕ್ಕೆ ಬಾರಿಸುವ ಗುಮಟೆಯನ್ನು ಮುಟ್ಟಿ ನೋಡಬೇಕೆಂಬ ಆಸೆ ಮಕ್ಕಳಿಗೆ ಇದ್ದೇ ಇರುತ್ತದೆ. ಎರಡೂ ಕಡೆ ಬಾಯಿರುವ ಮಣ್ಣಿನ ಮಡಕೆ ಅದು. ಒಂದು ಬಾಯಿಗೆ ಚರ್ಮ ಬಿಗಿದಿರುತ್ತದೆ, ಇನ್ನೊಂದನ್ನು ಅಂಗೈಯಿಂದ ಮುಚ್ಚಿ ತೆರೆದು ನಾದ ಏರಿಳಿಸುತ್ತಾರೆ. ಕೈಜಾರಿದರೆ ಒಡೆಯುತ್ತದೆ. ಬಾರಿಸುವವರನ್ನು ಕೇಳಿದರೆ ತಾವೇ ಹಿಡಿದು ತೋರಿಸುತ್ತಾರೆ.

ಪ್ರಶ್ನೆ ಕೇಳಿದವರಿಂದ

ಮೂವರಿಗೂ ಧನ್ಯವಾದಗಳು. ಸಮಿತಿಯಲ್ಲಿ ಚರ್ಚಿಸಿ, ಶನಿವಾರದ ಹಟವನ್ನು ಬಿಟ್ಟಿದ್ದೇವೆ. ಖಜಾಂಚಿಯ ಬದಲು ನಮ್ಮ ಉಪಾಧ್ಯಕ್ಷೆ ನನ್ನ ಜೊತೆ ಬರುತ್ತಾರೆ, ಯುವಕನಿಗೂ ಅಂದು ಗೌಡರ ಮನೆಯಲ್ಲಿ ಇರುವಂತೆ ಹೇಳಿದ್ದೇನೆ. ಒಂದು ಅನುಮಾನ ಉಳಿದಿದೆ: ಹೋಳಿಯ ಸಮಯದಲ್ಲಿ ನಿಜವಾದ ಸುಗ್ಗಿಯನ್ನೇ ನೋಡಬೇಕೆನ್ನುವ ಕೆಲವರಿದ್ದಾರೆ. ಅವರನ್ನು ಕೊಪ್ಪಕ್ಕೆ ಕರೆತಂದರೆ ಹಬ್ಬಕ್ಕೆ ಅಡಚಣೆಯಾದೀತೇ?

ಉತ್ತರ: ನಿವೃತ್ತ ಶಿಕ್ಷಕಿ, ಅಂಕೋಲಾ

ಐದಾರು ಜನರಾದರೆ ಯಾರದಾದರೂ ಅಂಗಳದಲ್ಲಿ ನೆಂಟರಂತೆ ನಿಂತು ನೋಡಬಹುದು, ಗೌಡರಿಗೆ ಒಂದು ಮಾತು ತಿಳಿಸಿದರೆ ಸಾಕು. ಅದಕ್ಕಿಂತ ಹೆಚ್ಚು ಜನರಿದ್ದರೆ ಕೊಪ್ಪಕ್ಕೆ ಹೋಗುವ ಅಗತ್ಯವೇ ಇಲ್ಲ. ಇದೇ ತಾಲ್ಲೂಕಿನ ಬೆಳಂಬಾರ ಊರಿನ ಸುಗ್ಗಿ ತಂಡ ಹೋಳಿಯ ಹೊತ್ತಿಗೆ ಅಂಕೋಲೆಗೆ ಬಂದು ತಹಶೀಲ್ದಾರರ ಕಚೇರಿಯ ಮುಂದೆ ಕುಣಿಯುವ ವಾಡಿಕೆಯಿದೆ. ಅದು ಊರೆಲ್ಲ ಸೇರಿ ನೋಡುವಂಥದ್ದು. ಯಾವ ದಿನ, ಎಷ್ಟು ಹೊತ್ತಿಗೆ ಎಂಬುದು ಹಬ್ಬ ಹತ್ತಿರವಾದಾಗ ಕಚೇರಿಯಲ್ಲಿ ವಿಚಾರಿಸಿದರೆ ತಿಳಿಯುತ್ತದೆ. ಬೆಳಗ್ಗೆಯೇ ಬಂದು ನೆರಳಿನ ಕಡೆ ಜಾಗ ಹಿಡಿಯಿರಿ, ಹಿರಿಯರಿಗೆ ಕುಡಿಯುವ ನೀರು ಜೊತೆಗಿರಲಿ.